ಹತ್ತು ಮೀಟರ್ ಫ್ರಿಲ್ಲು

ಫ್ರಿಲ್ಲಿಗೆ ಹಸಿವು ಜಾಸ್ತಿ. ಒಂದು ಮೀಟರ್ ಅಂಚಿಗೆ ಒಂದೇ ಮೀಟರ್ ಪಟ್ಟಿ ಕೊಟ್ಟರೆ ಅದು ಪಟ್ಟಿಯಾಗಿಯೇ ಉಳಿಯುತ್ತದೆ. ಒಂದೂವರೆ ಕೊಟ್ಟರೆ, ಇಸ್ತ್ರಿ ಹಾಕದೆ ಬಂದಿದ್ದಾರೆ ಪಾಪ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಎರಡೂವರೆ ಮೀಟರ್ ಸುರಿದಾಗ ಮಾತ್ರ ಫ್ರಿಲ್ಲು ಫ್ರಿಲ್ಲಾಗಲು ಒಪ್ಪುತ್ತದೆ. ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ‘ಕಪ್ಪು ಗೌನು ತರಿಸಿಬಿಟ್ಟಿದ್ದೀನಿ ಅಮ್ಮಾ, ನೀನು ಏಪ್ರನ್ ಒಂದು ಹೊಲಿದುಕೊಟ್ಟರೆ ಸಾಕು, ಅಷ್ಟೇ’ ಎಂದಾಗ ನನ್ನ ಕಣ್ಣು ಹೋದದ್ದು ಚಿತ್ರದ ಹುಡುಗಿಯ ಮುಖಕ್ಕಲ್ಲ, ಅವಳ ಅಂಚುಗಳಿಗೆ. ಕೆಳಗೆ ಅರ್ಧಚಂದ್ರಾಕಾರದ ಸುತ್ತು, ಎರಡು ಮೀಟರ್. ಅದಕ್ಕೆ ಪಟ್ಟಿ ಐದು ಮೀಟರ್. ಹೆಗಲ ಮೇಲೆ ಹತ್ತಿ ಬೆನ್ನಿಗೆ ಇಳಿಯುವ ಎರಡು ಪಟ್ಟಿಗಳ ಫ್ರಿಲ್ಲಿಗೆ ನಾಲ್ಕು. ತಲೆಗೆ ಕಟ್ಟುವುದಕ್ಕೊಂದು. ಒಟ್ಟು ಹತ್ತು ಮೀಟರ್. ಅಂಚು ಮಡಿಸಿ ಹೊಲಿಯಲು 10, ನೆರಿಗೆ ಎಳೆಯಲು ಎರಡು ಸಾಲು ದಾರ ಓಡಿಸಲು 20, ಏಪ್ರನ್ನಿಗೆ ಜೋಡಿಸಲು 4, ಮೇಲಿಂದ ಇನ್ನೊಂದು ಹೊಲಿಗೆಗೆ 4. ಮೂವತ್ತೆಂಟು ಮೀಟರ್ ಹೊಲಿಗೆ. ಅದರ ಹೆಸರು ‘ಅಷ್ಟೇ’.

ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಉಂಡ ತಟ್ಟೆಯನ್ನು ಎತ್ತಿ ಸಿಂಕಿಗೆ ಹಾಕಿದ ಉದಾಹರಣೆ ನಮ್ಮ ಮನೆಯ ಚರಿತ್ರೆಯಲ್ಲಿಲ್ಲ. ಅವಳ ಕೋಣೆಯಲ್ಲಿ ಕಸ ಗುಡಿಸಬೇಕಾದರೆ ಮೊದಲು ನೆಲ ಎಲ್ಲಿದೆಯೆಂದು ಹುಡುಕಬೇಕು. ಅಂಥವಳು, ಕತೆಯ ಪಾತ್ರಗಳ ವೇಷ ಹಾಕಿಕೊಂಡು ಜನ ಸೇರುವ ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಮನೆಗೆಲಸದ ಹುಡುಗಿಯ ವೇಷ ಹಾಕುತ್ತಾಳಂತೆ. ‘ವೇಷ ಹಾಕಿದ ದಿನ ಪಾತ್ರೆಯನ್ನೂ ತೊಳೀತಾಳಾ ಕೇಳು’ ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಅಂದರು. ಮಗಳು ಉತ್ತರ ಕೊಡಲಿಲ್ಲ. ಅವಳಿಗೆ ನನ್ನಿಂದ ಕೆಲಸ ಆಗಬೇಕಿತ್ತು. ಅಂಥ ಹೊತ್ತಿನಲ್ಲಿ ಅವಳು ಅಪ್ಪನ ಜೊತೆ ಜಗಳ ಆಡುವುದಿಲ್ಲ.

ವೇಷ ಕಟ್ಟುವುದು ನನಗೆ ಹೊಸದೇನಲ್ಲ. ಇದೇ ಮಗಳಿಗೆ ಒಂದನೇ ಕ್ಲಾಸಿನಲ್ಲಿ ಒನಕೆ ಓಬವ್ವನ ವೇಷ ಕಟ್ಟಿದ್ದೆ. ನನ್ನದೊಂದು ಹಳೆ ಸೀರೆ ಅರ್ಧಕ್ಕೆ ಮಡಿಸಿ ಕಚ್ಚೆ, ಹಣೆಗೆ ಅಗಲ ಕುಂಕುಮ, ಕೈಗೆ ರಟ್ಟಿನ ಒನಕೆ. ಸೂಜಿ ಮುಟ್ಟಲಿಲ್ಲ. ಹೈದರನ ಸೈನ್ಯವನ್ನು ಕೋಟೆಯ ಕಿಂಡಿಯಲ್ಲೇ ಮುಗಿಸಿದವಳಿಗೆ ಎರಡು ಪಿನ್ನು ಸಾಕಾಯಿತು. ಟೀ ತಂದಿಡುವವಳಿಗೆ 38 ಮೀಟರ್ ಹೊಲಿಗೆ ಬೇಕು.

ಹಾಗಂತ ಮಗಳ ಆಯ್ಕೆ ಅಷ್ಟೇನೂ ತಲೆಕೆಟ್ಟದ್ದಲ್ಲ, ಒಪ್ಪಬೇಕು. ಅವಳು ಮೆಚ್ಚಿದ್ದು ‘ಎಮ್ಮಾ’ ಎಂಬ ಜಪಾನಿ ಚಿತ್ರಕಥೆಯ ನಾಯಕಿಯನ್ನು. ಕಾವೊರು ಮೋರಿ ಎಂಬಾಕೆ 2002ರಿಂದ 2006ರವರೆಗೆ ಅದನ್ನು ಬರೆದು ಚಿತ್ರಿಸಿದಳು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನು. ನಿವೃತ್ತ ಗವರ್ನೆಸ್ ಒಬ್ಬಳ ಮನೆಯಲ್ಲಿ ಕೆಲಸಕ್ಕಿರುವ ಕನ್ನಡಕದ ಹುಡುಗಿ. ಅವಳನ್ನು ಮೆಚ್ಚುವ ಸಿರಿವಂತರ ಮನೆಯ ಹುಡುಗ. ಆ ಹುಡುಗನಿಗೊಬ್ಬ ಭಾರತೀಯ ರಾಜಕುಮಾರ ಸ್ನೇಹಿತ, ಹಕೀಮ್ ಅಂತ. ಅವನು ಲಂಡನ್ನಿಗೆ ಆನೆಗಳನ್ನೇ ಹೊಡೆದುಕೊಂಡು ಬಂದುಬಿಡುತ್ತಾನೆ. ನಾನು ಓದಿದ್ದು ಆನೆಯ ಕಾರಣಕ್ಕೆ, ಆಮೇಲೆ ಬಿಡಲಾಗಲಿಲ್ಲ. ಮೊಣಕಾಲಿನ ಮೇಲೆ ನಿಲ್ಲುವ ಗೌನು, ಕೈಯಲ್ಲೊಂದು ಪುಕ್ಕದ ಪೊರಕೆ ಹಿಡಿದ ಆ ಇನ್ನೊಂದು ವೇಷವಿದೆಯಲ್ಲ, ಅದು ನಾಟಕ ಸಿನಿಮಾದವರು ಹುಟ್ಟಿಸಿದ್ದು. ಅದನ್ನು ಹಾಕಿಕೊಂಡು ಯಾರೂ ಒಲೆಯ ಬೂದಿ ತೆಗೆದವರಿಲ್ಲ. ಎಮ್ಮಾಳ ಗೌನು ಪಾದದವರೆಗೆ, ಏಪ್ರನ್ನು ಶುಭ್ರ ಬಿಳಿ. ಆದರೆ ಅವಳಿಗೆ ಇಷ್ಟೊಂದು ಫ್ರಿಲ್ಲಿಲ್ಲ. ಉಳಿದದ್ದನ್ನು ಮಗಳು ಟೋಕಿಯೋದ ಅಕಿಹಬರಾದಿಂದ ಎರವಲು ತಂದಿದ್ದಳು. 2001ರಲ್ಲಿ ಅಲ್ಲಿ ‘ಕ್ಯೂರ್ ಮೇಯ್ಡ್ ಕೆಫೆ’ ಅಂತ ಒಂದು ತೆರೆಯಿತಂತೆ. ಆಮೇಲೆ ಅಂಥವು ಬೀದಿಬೀದಿಗೂ ಹುಟ್ಟಿದವು. ಹೆಗಲ ತುಂಬ ಫ್ರಿಲ್ಲು ಹೊತ್ತ ಹುಡುಗಿಯರು ಬಾಗಿಲಲ್ಲೇ ‘ಮನೆಗೆ ಬಂದಿರಾ ಯಜಮಾನರೇ’ ಎಂದು ಬಾಗಿ ಬರಮಾಡಿಕೊಳ್ಳುತ್ತಾರೆ, ಆಮ್ಲೆಟ್ಟಿನ ಮೇಲೆ ಕೆಚಪ್ಪಿನಲ್ಲಿ ಚಿತ್ರ ಬರೆದುಕೊಡುತ್ತಾರೆ. ಇದನ್ನು ಕೇಳಿ ನಮ್ಮ ಮನೆಯವರು ಪೇಪರ್ ಕೆಳಗಿಟ್ಟರು. ನಾನು ಅವರ ಕಡೆ ನೋಡಿದೆ. ಮತ್ತೆ ಎತ್ತಿಕೊಂಡರು.

ಕತೆಯ ಎಮ್ಮಾ ಇರಲಿ, ನಿಜವಾದ ಎಮ್ಮಾಗಳ ವಿಷಯ ಓದುತ್ತಾ ಹೋದರೆ ಆ ಬಿಳಿ ಏಪ್ರನ್ನಿನ ಗುಟ್ಟು ಸಿಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳು ಮನೆಗೆಲಸದಲ್ಲಿದ್ದರು. ಹೆಂಗಸರಿಗೆ ಅದಕ್ಕಿಂತ ದೊಡ್ಡ ಉದ್ಯೋಗ ಇನ್ನೊಂದಿರಲಿಲ್ಲ. ಬೆಳಗಿನ ಹೊತ್ತು ಅವರದು ಅಚ್ಚಿನ ಹತ್ತಿಬಟ್ಟೆಯ ಗೌನು. ಒಲೆ ಉಜ್ಜಲು, ಮೆಟ್ಟಿಲು ತಿಕ್ಕಲು ಮೇಲೊಂದು ಒರಟು ಏಪ್ರನ್ನು. ಮಧ್ಯಾಹ್ನದ ಮೇಲೆ ಮೈ ಕೈ ತೊಳೆದು ಕಪ್ಪು ಗೌನು, ಬಿಳಿ ಫ್ರಿಲ್ಲಿನ ಏಪ್ರನ್ನು, ಟೋಪಿ. ಯಾಕೆಂದರೆ ಬರುವ ಅತಿಥಿಗಳಿಗೆ ಬಾಗಿಲು ತೆಗೆಯಬೇಕಲ್ಲ. ಅಂದರೆ ಫ್ರಿಲ್ಲು ಕೆಲಸದ ಉಡುಪೇ ಅಲ್ಲ; ಈ ಮನೆಯಲ್ಲಿ ಕೊಳೆಯಾಗುವಂಥ ಕೆಲಸವೇ ಇಲ್ಲ ಎಂದು ಬಂದವರಿಗೆ ತೋರಿಸುವ ಬೋರ್ಡು. ಮಜಾ ಏನೆಂದರೆ ಆ ಬೋರ್ಡಿನ ಖರ್ಚು ಹಲವು ಕಡೆ ಹುಡುಗಿಯದೇ. ಕೆಲಸಕ್ಕೆ ಸೇರುವ ಮುಂಚೆ ಗೌನು, ಏಪ್ರನ್ನು, ಟೋಪಿ ಎಲ್ಲ ಹೊಂದಿಸಿಕೊಂಡು, ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬರಬೇಕಿತ್ತು. ಕ್ರಿಸ್‌ಮಸ್ಸಿಗೆ ಯಜಮಾನಿ ಉಡುಗೊರೆ ಕೊಟ್ಟರೂ ಅದು ಹೊಸ ಗೌನು ಹೊಲಿಸಿಕೊಳ್ಳಲು ಒಂದು ತುಂಡು ಬಟ್ಟೆ. ಯಾರ ಹಬ್ಬ, ಯಾರಿಗೆ ಉಡುಗೊರೆ!

ಆ ಫ್ರಿಲ್ಲನ್ನು ಒಗೆದು, ಗಂಜಿ ಹಾಕಿ, ಒಂದೊಂದೇ ಅಲೆಯನ್ನು ನಿಲ್ಲಿಸಲು ಗಾಫರಿಂಗ್ ಐರನ್ ಎಂಬ ಬೇರೆಯದೇ ಇಸ್ತ್ರಿ ಇತ್ತು. ಕಾಯಿಸಿದ ಕೊಳವೆಗೋ ಇಕ್ಕಳಕ್ಕೋ ಒದ್ದೆ ಫ್ರಿಲ್ಲನ್ನು ಒತ್ತುತ್ತಾ ಹೋಗುವುದು. ಆ ಗಂಜಿಪುಡಿ ಮಾಡಿ ಹೆಸರು ಗಳಿಸಿದವರಲ್ಲಿ ಹಲ್ ಎಂಬ ಊರಿನ ರೆಕಿಟ್ ಕಂಪನಿಯೂ ಒಂದು. 1840ರಲ್ಲಿ ಗಂಜಿಯಿಂದ ಶುರುವಾಗಿ ಆಮೇಲೆ ಬಟ್ಟೆಯ ನೀಲಿಗೂ ಕೈಹಾಕಿತು. ನನ್ನಜ್ಜಿ ಒಗೆದ ಪಂಚೆಯನ್ನು ಅದ್ದುತ್ತಿದ್ದ ರಾಬಿನ್ ನೀಲಿ ಇದೆಯಲ್ಲ, ಅದೂ ಇದೇ ಮನೆತನದ್ದು. ಹಾಸನದ ಬಚ್ಚಲಿಗೂ ಲಂಡನ್ನಿನ ಬಚ್ಚಲಿಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇರುವುದು ಅಜ್ಜಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೂ ಅವರು ನೀಲಿಯ ರೇಟು ಇಳಿಸಿ ಎಂದೇ ಕೇಳುತ್ತಿದ್ದರು.

ಬಟ್ಟೆಗೆ ಚಿಕ್ಕಪೇಟೆಗೆ ಹೋದೆ. ಬಿಳಿ ಪಾಪ್ಲಿನ್ ಎರಡೂವರೆ ಮೀಟರ್ ಅಂದರೆ ಅಂಗಡಿಯವರು ‘ಪೆಟಿಕೋಟಿಗಾ’ ಎಂದರು. ಏಪ್ರನ್ನಿಗೆ ಎಂದೆ. ‘ಮಗಳು ಡಾಕ್ಟರಾ?’ ಅಲ್ಲ ಎಂದೆ. ‘ನರ್ಸಿಂಗಾ?’ ಅದೂ ಅಲ್ಲ. ಲೇಸಿನ ಅಂಗಡಿಯಲ್ಲಿ ಇನ್ನೂ ಸೂಕ್ಷ್ಮವಾಗಿ ವಿಚಾರಣೆಯಾಯಿತು: ‘ಏರ್‌ಹೋಸ್ಟೆಸ್ ಫಂಕ್ಷನ್ನಾ ಮೇಡಂ, ಕ್ರಿಸ್‌ಮಸ್ ಏಂಜಲ್ಲಾ?’ ಮನೆಗೆಲಸದವಳ ವೇಷ ಎಂದು ನಿಜ ಹೇಳಿದೆ. ಗಲ್ಲೆಯಲ್ಲಿದ್ದ ಹಿರಿಯರು ನನ್ನ ಕೈಲಿದ್ದ ಲೇಸನ್ನು ನೋಡಿದರು, ಲೇಸಿನ ರೇಟು ನೋಡಿದರು, ‘ಒಳ್ಳೆ ಮನೆ ಇರಬೇಕು’ ಎಂದರು.

ನಾನು ಏಪ್ರನ್ನು ಹೊಲಿದದ್ದು ಇದೇ ಮೊದಲಲ್ಲ. ಎಂಬತ್ತರ ದಶಕದಲ್ಲಿ ಬಿ.ಎ. ಮುಗಿಸಿ ಗಂಡು ಬರುವವರೆಗೆ ಹುಡುಗಿಯರನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ಹಾಸನದ ತಾಯಂದಿರು ಕಂಡುಕೊಂಡ ಉತ್ತರ ಟೈಲರಿಂಗ್ ಕ್ಲಾಸು. ಅಲ್ಲಿ ಪಾಠ ಹುಟ್ಟಿದ ಕ್ರಮದಲ್ಲೇ ನಡೆಯುತ್ತಿತ್ತು: ಮೊದಲು ಜಬಲಾ, ಆಮೇಲೆ ಕುಲಾವಿ, ಬಿಬ್ಬು, ಫ್ರಾಕು, ಲಂಗ, ರವಿಕೆ. ಇವುಗಳ ನಡುವೆ ಎಲ್ಲಿಂದಲೋ ಬಂದು ಕೂತಿತ್ತು ಏಪ್ರನ್ನು. ಯಾವ ದೊರೆಸಾನಿಯ ಪುಸ್ತಕ ನೋಡಿ ಸೇರಿಸಿದರೋ! ನಾವು ಹದಿನೆಂಟು ಹುಡುಗಿಯರು, ಯಾರ ಮನೆಯಲ್ಲೂ ಏಪ್ರನ್ ಕಟ್ಟುವವರಿಲ್ಲ, ಕಟ್ಟಿದವರನ್ನು ಕಂಡವರೂ ಇಲ್ಲ. ಮಿಷನ್ ಆಸ್ಪತ್ರೆಯ ನರ್ಸಮ್ಮನೊಬ್ಬರ ವಿನಾ. ಆದರೂ ಎಲ್ಲರೂ ಮೊದಲು ಅಂಗೈಯಗಲದ್ದೊಂದು ಮಾದರಿ ಹೊಲಿದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದೆವು. ಮೇಡಂ ಕೆಂಪು ಇಂಕಿನಲ್ಲಿ ಸಹಿ ಹಾಕಿದರು. ಪರೀಕ್ಷೆಗೆ ಪೂರ್ತಿ ಅಳತೆಯದು ಹೊಲಿಯಬೇಕಿತ್ತು. ನಾನು ತಿಳಿಹಸಿರು ಕೇಂಬ್ರಿಕ್ಕಿನಲ್ಲಿ ಸುತ್ತಲೂ ಫ್ರಿಲ್ಲಿಟ್ಟು ಹೊಲಿದು, ಅಮ್ಮನಿಗೆ ಕಟ್ಟಲು ಹೋದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಳಿ ಕುದಿಸುತ್ತಿದ್ದರು. ‘ಸೀರೆ ಉಟ್ಟ ಮೇಲೆ ಇದೆಲ್ಲ ಎಲ್ಲಿಗೆ ಕಟ್ಟೋದೇ? ಎಷ್ಟು ಚೆನ್ನಾಗಿದೆ, ಅಡುಗೆಮನೇಲಿ ಹಾಳಾಗುತ್ತೆ’ ಎಂದು ಒಯ್ದು ರೇಡಿಯೋಗೆ ಹೊದಿಸಿದರು. ಮರ್ಫಿ ರೇಡಿಯೋ ಬಹಳ ವರ್ಷ ಫ್ರಿಲ್ಲಿನ ಏಪ್ರನ್ ತೊಟ್ಟು ವಾರ್ತೆ ಓದಿತು. ನನ್ನನ್ನು ನೋಡಲು ಬಂದವರೆಲ್ಲ ಮೊದಲು ನೋಡಿದ್ದು ಅದನ್ನೇ. ‘ಹುಡುಗಿಯೇ ಹೊಲಿದದ್ದು’ ಎಂದು ಅಪ್ಪ ಹೇಳುವುದು, ಬಂದವರು ಫ್ರಿಲ್ಲನ್ನು ಬೆರಳಿನಲ್ಲಿ ಮುಟ್ಟುವುದು, ಉಪ್ಪಿಟ್ಟು ತಿಂದು ಹೋಗುವುದು. ಅಮ್ಮ ಸುಮ್ಮನೆ ರೇಡಿಯೋ ಮೇಲಿಟ್ಟಿರಲಿಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ನನ್ನ ಮದುವೆಯಾಗಿತ್ತು. ಅಮ್ಮನ ಉಷಾ ಮಿಷನ್ನೂ ನನ್ನ ಜೊತೆ ಲಾರಿ ಹತ್ತಿತ್ತು.

ಆ ಮಿಷನ್ನಿನ ಮೇಲೆಯೇ ಈಗಿನ ಏಪ್ರನ್ನೂ ಕೂತಿತು. ಪಟ್ಟಿಗಳನ್ನು ಬಟ್ಟೆಯ ಅಡ್ಡಕ್ಕೆ ಕತ್ತರಿಸಬೇಕು. ಆಗ ಉದ್ದದ ಎಳೆ ಮೇಲಿಂದ ಕೆಳಗಿಳಿದು ನೆರಿಗೆ ಸರಾಗವಾಗಿ ಬೀಳುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಪಟ್ಟಿ ಹತ್ತು ತೆಗೆದರೆ ಒಂದು ಮೀಟರ್ ಬಟ್ಟೆ ಮುಗಿದೇಹೋಯಿತು. ಅವನ್ನು ಜೋಡಿಸಿ, ಒಂದು ಅಂಚನ್ನು ಸಣ್ಣಗೆ ಎರಡು ಸಲ ಮಡಿಸಿ ಹೊಲಿದು, ಇನ್ನೊಂದು ಅಂಚಿಗೆ ಮೇಲಿನ ದಾರದ ಬಿಗಿ ಸಡಿಲಿಸಿ ಉದ್ದುದ್ದ ಹೊಲಿಗೆ ಎರಡು ಸಾಲು. ಬಿಗಿ ಸಡಿಲಿಸಿದರೆ ಬಾಬಿನ್ ದಾರ ಕೆಳಗೆ ನೆಟ್ಟಗೆ ಮಲಗಿರುತ್ತದೆ, ಎಳೆದರೆ ಜಾರುತ್ತದೆ. ಇನ್ನು ಎಳೆಯುವುದು. ಇದರಲ್ಲಿ ಅವಸರದವರಿಗೆ ಜಾಗವಿಲ್ಲ. ಐದು ಮೀಟರನ್ನು ಎರಡಕ್ಕೆ ಇಳಿಸುವಾಗ ದಾರ ನಡುವೆ ತುಂಡಾದರೆ ಅಷ್ಟು ನೆರಿಗೆಯೂ ಒಂದೇ ಉಸಿರಿಗೆ ಬಿಚ್ಚಿಕೊಂಡು ಮತ್ತೆ ಪಟ್ಟಿ. ಅದಕ್ಕೇ ಉದ್ದವನ್ನು ನಾಲ್ಕು ಪಾಲು ಮಾಡಿ ಗುರುತಿಟ್ಟು, ಪಾಲಿಗೊಂದು ದಾರ ಬಿಟ್ಟುಕೊಳ್ಳುವುದು. ಎಳೆದ ಮೇಲೆ ಬೆರಳಲ್ಲಿ ತಳ್ಳಿ ತಳ್ಳಿ ಸಮ ಮಾಡಬೇಕು. ಒಂದು ಕಡೆ ಜನಸಂದಣಿ, ಇನ್ನೊಂದು ಕಡೆ ಬಯಲು. ಈ ಕಡೆಯವರನ್ನು ಆ ಕಡೆ ಕಳಿಸಿದರೆ ನಡುವೆಯೇ ಎಲ್ಲೋ ನಿಂತುಬಿಡುತ್ತಾರೆ.

ನೆಲದ ಮೇಲೆ ಕೂತು ಹೀಗೆ ತಳ್ಳುತ್ತಿರುವಾಗ ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ನೆಲ ಒರೆಸುತ್ತಾ ಹತ್ತಿರ ಬಂದರು. ಅವರು ನನ್ನನ್ನು ಅಕ್ಕ ಅನ್ನುತ್ತಾರೆ, ನಾನು ಅವರನ್ನು ಅಕ್ಕ ಅನ್ನುತ್ತೇನೆ. ಯಾರು ಹಿರಿಯರೆಂಬ ವ್ಯಾಜ್ಯ ಇಬ್ಬರಿಗೂ ಬೇಡವಾದ್ದರಿಂದ ಇತ್ಯರ್ಥವಾಗಿಲ್ಲ.

‘ಗ್ಯಾದರಿಂಗಾ? ಕೈಯಲ್ಲಿ ಯಾಕಕ್ಕ ಒದ್ದಾಡ್ತೀರಿ’ ಎಂದರು.

ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಅವರು ಬಹಳ ವರ್ಷ ಇದ್ದವರು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಅಷ್ಟೂ ಕಾಲ ಅವರು ಬಹುಪಾಲು ಹೊಲಿದದ್ದು ಫ್ರಿಲ್ಲನ್ನೇ ಎಂಬುದು. ಒಂದು ಲೈನಿನಲ್ಲಿ ಒಬ್ಬರು ಕಾಲರ್, ಒಬ್ಬರು ತೋಳು, ಒಬ್ಬರು ಜೇಬು. ಇವರದು ಹೊರದೇಶದ ಮಕ್ಕಳ ಫ್ರಾಕಿನ ಕೆಳಗಿನ ಫ್ರಿಲ್ಲು. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು, ತಲೆಯ ಮೇಲೆ ಸೂಪರ್‌ವೈಸರು. ‘ಫ್ರಾಕ್ ಪೂರ್ತಿ ಹೆಂಗ್ ಕಾಣುತ್ತೆ ಅಂತ ನೋಡಿದ್ದೇ ಕಮ್ಮಿ. ನಮ್ ಹತ್ರ ಬರುವಾಗ ಅರ್ಧ, ಹೋಗುವಾಗ ಮುಕ್ಕಾಲು.’ ಕೈ ಒರೆಸಿಕೊಂಡು ಮಿಷನ್ನಿನ ಮುಂದೆ ಕೂತರು. ಪೆಡಲು ಎರಡು ಸಲ ತುಳಿದು, ‘ಇದೇನಕ್ಕ, ಎತ್ತಿನಗಾಡಿ’ ಎಂದು ನಮ್ಮಮ್ಮನ ಆಸ್ತಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಅಲ್ಲಿ ಅವರಿಗೆ ಜೂಕಿ ಮಿಷನ್ನು, ಕಾಲು ಸೋಕಿದರೆ ಹಾರುವಂಥದ್ದು. ಆದರೂ ಎಡಗೈಯ ತೋರುಬೆರಳನ್ನು ಸೂಜಿಯ ಹಿಂದೆ ಒತ್ತಿಟ್ಟರು. ಬಟ್ಟೆ ಮುಂದೆ ಹೋಗಲಾಗದೆ ತನಗೆ ತಾನೇ ಸಣ್ಣ ಸಣ್ಣ ನೆರಿಗೆಯಾಗಿ ಬೆರಳಿನ ಬುಡದಲ್ಲಿ ಗುಡ್ಡೆ ಬಿತ್ತು. ಬೆರಳೆತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ದಾರ ಎಳೆಯುವುದೂ ಇಲ್ಲ, ಗುರುತೂ ಇಲ್ಲ, ಟೇಪೂ ಇಲ್ಲ. ಏಪ್ರನ್ನಿನ ಅಂಚಿಗೆ ಹಿಡಿದು ನೋಡಿದರೆ ಅಳತೆ ಸರಿಯಾಗಿ ಕೂತಿತ್ತು. ನನ್ನ ಹಾಸನದ ಡಿಪ್ಲೊಮಾಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಲ್ಲದ್ದು ಒಳ್ಳೆಯದೇ ಆಯಿತು.

ಹೆಗಲ ಫ್ರಿಲ್ಲು ಮಾಡುವಾಗ ಯಾವ ಫ್ರಾಕಿಗೆ ಎಂದು ಕೇಳಿದರು. ಏಪ್ರನ್ನಿಗೆ ಎಂದೆ. ‘ನಂಗೂ ಇತ್ತು ಏಪ್ರನ್ನು, ಗಾರ್ಮೆಂಟ್ಸಲ್ಲಿ. ನೀಲಿ. ಟೈಲರಿಗೆ ಒಂದು ಕಲರು, ಹೆಲ್ಪರಿಗೆ ಒಂದು ಕಲರು. ಸೇರಿದ ತಿಂಗಳೇ ಸಂಬಳದಲ್ಲಿ ಹಿಡ್ಕೊಂಡ್ರು ಅದರ ದುಡ್ಡ.’ ನನಗೆ ತಗಡಿನ ಪೆಟ್ಟಿಗೆ ಹೊತ್ತು ಲಂಡನ್ನಿಗೆ ಬರುತ್ತಿದ್ದ ಹುಡುಗಿಯರು ನೆನಪಾದರು, ಹೇಳಿದೆ. ಅಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಮತ್ತೆ, ಅವರೇ ಕೊಡ್ತಾರಾ?’ ಎಂದರು.

ಇದು ಮನೆಗೆಲಸದವರ ವೇಷ ಎಂದು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಮಗಳೇ ಬಂದು ಹೇಳಿಬಿಟ್ಟಳು, ಮೊಬೈಲನ್ನೂ ತೋರಿಸಿದಳು. ಅಕ್ಕ ಚಿತ್ರವನ್ನು ಹಿಗ್ಗಿಸಿ ನೋಡಿದರು. ಕೋಪವೂ ಬರಲಿಲ್ಲ, ನಗುವೂ ಬರಲಿಲ್ಲ, ನಾನು ಹೆದರಿದ್ದು ಯಾವುದೂ ಆಗಲಿಲ್ಲ. ‘ಕೈಗೆ ಗ್ಲೌಸ್ ಇಲ್ವಲ್ಲ ಪಾಪು, ಒಲೆ ಉಜ್ಜಿದ್ರೆ ಉಗುರು ಹೋಗುತ್ತೆ’ ಎಂದರು. ‘ಬಿಳಿ ಯಾಕೆ, ಕೊಳೆ ಕಾಣಲ್ವಾ?’ ಆಮೇಲೆ ಮುಖ್ಯ ಪ್ರಶ್ನೆ: ‘ಇವಳಿಗೆ ಸಂಬಳ ಎಷ್ಟಂತೆ?’ ಮಗಳಿಗೆ ಗೊತ್ತಿರಲಿಲ್ಲ. ಇಡೀ ಕತೆಯನ್ನು ಮೂರು ಸಲ ಓದಿದವಳಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಬದಲಿಗೆ ಪ್ರೇಮದ ವಿಷಯ ಹೇಳತೊಡಗಿದಳು. ಮಿಷನ್ನು ನಿಂತಿತು. ‘ದೊಡ್ಡ ಮನೆ ಹುಡುಗನಾ? ಅತ್ತೆ ಒಪ್ಪಿದಳಾ?’ ಅತ್ತೆ ಪರವಾಗಿಲ್ಲ ಆಂಟಿ, ಮಾವನದೇ ತಕರಾರು ಎಂದಳು ಮಗಳು. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರೆ ಆಗುತ್ತೆ. ಮಾವಂದಿರು ಎಷ್ಟು ದಿನ ಮಾತಾಡ್ತಾರೆ’ ಎಂದು ತೀರ್ಪು ಕೊಟ್ಟು ಮತ್ತೆ ಪೆಡಲು ತುಳಿದರು.

ಮೇಳದ ದಿನ ಮಗಳು ಕೆಂಗೇರಿಯಲ್ಲಿ ಮೆಟ್ರೋ ಹತ್ತಿದಳು. ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು, ಒಂದೇ ನೇರಳೆ ಮಾರ್ಗ. ನಾನು ಸಬ್ಬಕ್ಕಿ ಗಂಜಿ ಹಾಕಿ ನಿಲ್ಲಿಸಿದ್ದ ಫ್ರಿಲ್ಲು ನಿಲ್ದಾಣದ ತಪಾಸಣೆಯಲ್ಲಿ ಮೊದಲ ಪೆಟ್ಟು ತಿಂದಿತು. ಹೆಗಲ ಮೇಲೇನಿದೆ ಎಂದು ಪೇದೆಯಮ್ಮ ಅಮುಕಿ ನೋಡಿ, ‘ಬರೀ ಬಟ್ಟೇನಾ!’ ಎಂದರಂತೆ. ವೇಷಕ್ಕೆ ತಕ್ಕ ಊರಿಗೇ ಹೋದಳು ಎನ್ನಬೇಕು. ವೈಟ್‌ಫೀಲ್ಡ್ ಹುಟ್ಟಿದ್ದೂ ಅದೇ ರಾಣಿಯ ಕಾಲದಲ್ಲಿ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರಿಗೆಂದು 3,900 ಎಕರೆ ಕೊಟ್ಟರು, ಅದಕ್ಕೆ ಓಡಾಡಿದ ವೈಟ್ ಎಂಬುವರ ಹೆಸರು ಊರಿಗೆ ನಿಂತಿತು. ಈಗ ಅಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು. ಕೆಲವುಗಳಲ್ಲಿ ಕೆಲಸದವರಿಗೆ ಬೇರೆ ಲಿಫ್ಟು. ಅಕ್ಕನ ಸೊಸೆ ಅಂಥದ್ದೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಗೇಟಿನಲ್ಲಿ ಅವಳ ಫೋಟೋ ತೆಗೆದು, ಬಂದದ್ದು ಹೋದದ್ದು ಮೊಬೈಲಿನಲ್ಲಿ ದಾಖಲಾಗುತ್ತದೆ. ಅವತ್ತು ಮೇಳದಲ್ಲಿ ನನ್ನ ಮಗಳ ಫೋಟೋವನ್ನೂ ತುಂಬಾ ಜನ ತೆಗೆದುಕೊಂಡರಂತೆ, ಕೇಳಿಕೊಂಡು, ಥ್ಯಾಂಕ್ಸ್ ಹೇಳಿ.

ಮರುದಿನ ಅಕ್ಕ ಪೊರಕೆ ಗೋಡೆಗೆ ಒರಗಿಸಿ ಆ ಫೋಟೋಗಳನ್ನೆಲ್ಲ ನೋಡಿದರು. ಕತ್ತಿ ಹಿಡಿದವನ್ಯಾರು, ತಲೆಗೆ ಬೆಕ್ಕಿನ ಕಿವಿ ಇಟ್ಟುಕೊಂಡವಳ್ಯಾರು ಎಂದು ವಿಚಾರಿಸಿದರು. ಮಗಳ ಚಿತ್ರಕ್ಕೆ ಬಂದಾಗ ಮುಖ ನೋಡಲೇ ಇಲ್ಲ. ಹೆಗಲು ಹಿಗ್ಗಿಸಿ, ಕೆಳಗಿನ ಸುತ್ತು ಹಿಗ್ಗಿಸಿ, ‘ಪೂರ್ತಿ ಪೀಸು ಚೆನ್ನಾಗ್ ಬಂದಿದೆ’ ಎಂದರು. ಬೆನ್ನ ಹಿಂದಿನ ಬೋ ಸೊಟ್ಟಗಿದೆ ಎಂದೂ ಸೇರಿಸಿದರು. ಅದು ನಾನು ಕಟ್ಟಿದ್ದು.

ಉಳಿದ ಪಟ್ಟಿಯ ತುಂಡುಗಳು ಚೀಲದಲ್ಲಿದ್ದವು. ಮೊಮ್ಮಗಳಿಗೆ ಫ್ರಾಕಿಗೆ ಬೇಕಾ ಎಂದು ಕೇಳಿದೆ. ಅಕ್ಕ ಚೀಲದೊಳಗೆ ಬಗ್ಗಿ ನೋಡಿ ಮುಖ ಸಿಂಡರಿಸಿದರು.

‘ಬಿಳಿ ಬೇಡಕ್ಕ. ಚಿಕ್ಕಪೇಟೆಗೆ ಹೋದಾಗ ಗುಲಾಬಿ ತನ್ನಿ, ಎರಡು ಮೀಟರು, ದುಡ್ಡು ನಾನೇ ಕೊಡ್ತೀನಿ. ಭಾನುವಾರ ಬಂದು ಹೊಲೀತೀನಿ.’

‘ಮಿಷನ್ನು ಎತ್ತಿನಗಾಡಿ ಅಂದಿರಲ್ಲ’ ಎಂದೆ.

‘ಎಣ್ಣೆ ಬಿಟ್ಟಿಡಿ. ಫ್ರಿಲ್ಲೆಲ್ಲ ನಾನು ನೋಡ್ಕೊತೀನಿ. ದಾರ ಕಟ್ ಮಾಡೋದು, ಗುಂಡಿ ಹಾಕೋದು ನೀವು ಮಾಡಿ. ಹೆಲ್ಪರ್ ಕೆಲಸ ಅದು, ಕಷ್ಟ ಇಲ್ಲ.’